ಮೊಟ್ಟೆಯೊಡೆದ ಡೋಡೋ

ಅಂಚೆಚೀಟಿ ಕೂಡಿಡುವ ಹುಡುಗರಿಗೆ ಭೂಗೋಳ ಚೆನ್ನಾಗಿ ಬರುತ್ತದೆಂಬುದು ಹಿರಿಯರ ಭ್ರಮೆ. ನಮಗೆ ಬರುತ್ತಿದ್ದದ್ದು ವ್ಯಾಪಾರ ಮಾತ್ರ. ಮುಂಬಯಿಯ ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದ ಸೋದರಮಾವ ರಜೆಗೆ ಬರುವಾಗ ಕವರಿನ ಮೂಲೆಗಳನ್ನು ಕತ್ತರಿಸಿ ತರುತ್ತಿದ್ದರು. ನಾನು ಅವನ್ನು ಬಟ್ಟಲ ನೀರಲ್ಲಿ ನೆನೆಹಾಕಿ, ಅಂಟು ಬಿಡಿಸಿ, ಹಳೆಯ ಪತ್ರಿಕೆಯ ಮೇಲೆ ಒಣಹಾಕುತ್ತಿದ್ದೆ. "ಆ ಬಟ್ಟಲಲ್ಲಿ ಇನ್ನು ಮಜ್ಜಿಗೆ ಕುಡಿಯೋದು ಹೇಗೋ!" ಎಂದು ಅಜ್ಜಿ ಗೊಣಗುತ್ತಿದ್ದರು. ಹಾಗೆ ಒಣಗಿದವುಗಳಲ್ಲಿ ಮಾರಿಷಸ್‌ನ 1968ರ ಚೀಟಿಯೂ ಒಂದು. ಅದರಲ್ಲಿ ಡೋಡೋ ಹಕ್ಕಿ ಮೊಟ್ಟೆಯೊಡೆದು ಹೊರಬರುತ್ತಿತ್ತು. ಪಕ್ಕದ ಮನೆಯ ಗೆಳೆಯ ಅದಕ್ಕೆ ಎರಡು ತ್ರಿಕೋನದ ಚೀಟಿ ಕೊಡುತ್ತೇನೆಂದರೂ ನಾನು ಬಿಡಲಿಲ್ಲ.

ಮುನ್ನೂರು ವರ್ಷಗಳ ಹಿಂದೆಯೇ ನಿರ್ನಾಮವಾದ ಹಕ್ಕಿಯನ್ನು ಸ್ವಾತಂತ್ರ್ಯದ ಚೀಟಿಯಲ್ಲಿ ಹುಟ್ಟಿಸಿದವರಿಗೆ ಒಳ್ಳೆಯ ಹಾಸ್ಯಪ್ರಜ್ಞೆ ಇದ್ದಿರಬೇಕು. ಲೆಕ್ಕ ಹಾಕಿದರೆ ಅದು ನ್ಯಾಯವೇ. ಆ ದ್ವೀಪದಲ್ಲಿ ಮೂಲನಿವಾಸಿ ಮನುಷ್ಯರೇ ಇರಲಿಲ್ಲ. ನಾನು ಇಲ್ಲಿಯವನು ಎಂದು ಎದೆ ತಟ್ಟಿ ಹೇಳುವ ಹಕ್ಕಿದ್ದದ್ದು ಡೋಡೋ, ಆಮೆಗಳಂಥವಕ್ಕೆ ಮಾತ್ರ. 1638ರಲ್ಲಿ ಬಂದು ನೆಲೆಸಿದ ಡಚ್ಚರು ಕರಿಮರದ ಕಾಡು ಕಡಿದರು, ಜಾವಾದಿಂದ ಕಬ್ಬು ತಂದು ನೆಟ್ಟರು. ಅವರ ಜೊತೆ ಬಂದ ಹಂದಿ, ಇಲಿಗಳು ಡೋಡೋವಿನ ಮೊಟ್ಟೆಗಳನ್ನು ತಿಂದುಹಾಕಿದವು. 1710ರಲ್ಲಿ ಡಚ್ಚರು ಗಂಟುಮೂಟೆ ಕಟ್ಟಿದಾಗ ಉಳಿದದ್ದು ಕಬ್ಬು. ಮುಂದಿನ ಇತಿಹಾಸವನ್ನೆಲ್ಲ ಬರೆದದ್ದು ಅದೇ.

1715ರಲ್ಲಿ ಫ್ರೆಂಚರು ಬಂದರು. 1735ರಲ್ಲಿ ಗವರ್ನರಾಗಿ ಬಂದ ಲಾ ಬೂರ್ದೊನೆ ಪೋರ್ಟ್ ಲೂಯಿ ಬಂದರನ್ನು ಕಟ್ಟಿಸಿ ಸಕ್ಕರೆ ಉದ್ಯಮ ಬೆಳೆಸಿದ. ದುಡಿದವರು ಮಡಗಾಸ್ಕರ್, ಮೊಜಾಂಬಿಕ್‌ಗಳಿಂದ ತಂದ ಗುಲಾಮರು. 1810ರಲ್ಲಿ ಇಂಗ್ಲಿಷರು ಗೆದ್ದರು. ಫ್ರೆಂಚ್ ಜಮೀನ್ದಾರರ ಭಾಷೆ, ಕಾನೂನು, ತೋಟ ಯಾವುದನ್ನೂ ಅವರು ಮುಟ್ಟಲಿಲ್ಲ. 1835ರಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರದ ಹಣ ಮಾತ್ರ ಸಿಕ್ಕಿದ್ದು ಮಾಲೀಕರಿಗೆ! ಕಬ್ಬು ಕಡಿಯಲು ಬೇರೆ ಕೈಗಳು ಬೇಕಾಗುತ್ತವೆಂದು ಮೊದಲೇ ಎಣಿಸಿ, ಕರಾರಿನ ಕೂಲಿಗಳನ್ನು ಹೊತ್ತ ಹಡಗುಗಳು ಕಲ್ಕತ್ತ, ಮದ್ರಾಸು, ಬೊಂಬಾಯಿಗಳಿಂದ ಹೊರಟವು. 1834ರಿಂದ 1920ರ ತನಕ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಹೋದರು.

ಇದರ ನಡುವೆ, 1847ರಲ್ಲಿ, ಗವರ್ನರನ ಹೆಂಡತಿ ಲೇಡಿ ಗಾಮ್ ನೃತ್ಯಕೂಟ ಏರ್ಪಡಿಸಿದಳು. ದ್ವೀಪದ ಮೊದಲ ಅಂಚೆಚೀಟಿಗಳು ಅಂಟಿದ್ದು ಆ ಕರೆಯೋಲೆಗಳ ಮೇಲೆ. ಕಿತ್ತಳೆ ಬಣ್ಣದ ಒಂದು ಪೆನ್ನಿ, ನೀಲಿಯ ಎರಡು ಪೆನ್ನಿ, ತಲಾ ಐನೂರು. ಉಳಿದಿರುವುದು ಮೂವತ್ತಕ್ಕೂ ಕಡಿಮೆ. ಬೆಲೆ ಕೇಳಿದರೆ ನಮ್ಮಂಥವರಿಗೆ ಎದೆನೋವು ಬಂದೀತು. ಬೊಂಬಾಯಿಗೆ ಬಂದ ಕಾಗದವೊಂದರ ಮೇಲೆ ಅಂಥವು ಎರಡಿದ್ದವಂತೆ. ಅದು ಗೊತ್ತಾದ ದಿನ ನನಗೆ ಸೋದರಮಾವನ ಮೇಲೆ ಸಣ್ಣ ಸಿಟ್ಟು ಬಂದದ್ದು ನಿಜ.

ಕೂಲಿಯವರ ಬಳಿಯೂ ಕಾಗದವಿತ್ತು. 1867ರ ಕಾನೂನಿನಂತೆ, ಕರಾರು ಮುಗಿಸಿದವನೂ ತನ್ನ ಫೋಟೋ ಅಂಟಿಸಿದ ಚೀಟಿಯನ್ನು ಸದಾ ಮೈಮೇಲಿಟ್ಟುಕೊಂಡು ಓಡಾಡಬೇಕು. ಪೊಲೀಸರು ಕೇಳಿದಾಗ ತೋರಿಸದಿದ್ದರೆ ಜೈಲು. 1871ರಲ್ಲಿ ಪ್ಲೆವಿಟ್ಸ್ ಎಂಬ ಬಿಳಿಯ ತೋಟಗಾರ ಅವರ ಪರವಾಗಿ ಅರ್ಜಿ ಬರೆದ. 9,401 ಮಂದಿ ಅದಕ್ಕೆ ತಮ್ಮ ಗುರುತು ಹಾಕಿದರು. ತೋಟಗಾರರು ಪ್ಲೆವಿಟ್ಸನನ್ನು ಬೀದಿಯಲ್ಲಿ ಹೊಡೆದರೇ ಹೊರತು ಅರ್ಜಿಯನ್ನು ತಡೆಯಲಾಗಲಿಲ್ಲ; ಲಂಡನ್ನಿನಿಂದ ವಿಚಾರಣಾ ಆಯೋಗವೇ ಬಂತು. ನನ್ನನ್ನು ಕೇಳಿದರೆ, ಆ ದೇಶ ಹುಟ್ಟಿದ್ದು ಅಲ್ಲೇ.

ಗಾಂಧೀಜಿ 1901ರಲ್ಲಿ ಕೆಲವು ದಿನ ತಂಗಿ ಹೋದರು, 1907ರಲ್ಲಿ ವಕೀಲ ಮಣಿಲಾಲ್ ಡಾಕ್ಟರ್ ಬಂದರು. ಆಮೇಲಿನ ಸಂಗತಿ ನನಗೆ ಇನ್ನೂ ಇಷ್ಟ. 1948ರ ಚುನಾವಣೆಗೆ, ದ್ವೀಪದ ಯಾವ ಭಾಷೆಯಲ್ಲಾದರೂ ನಾಲ್ಕಕ್ಷರ ಓದಿ ಬರೆಯಬಲ್ಲವರಿಗೆ ಮತ ಎಂದಾಯಿತು. ಸಮಾಜ ಸುಧಾರಕ ಬಸದೇವ್ ಬಿಸುಂದಯಾಲರ ಸ್ವಯಂಸೇವಕರು ಹಳ್ಳಿಹಳ್ಳಿಯ ಬೈಠಕ್ ಎಂಬ ಸಂಜೆಶಾಲೆಗಳಲ್ಲಿ ಲಾಂದ್ರ ಹಚ್ಚಿ, ದಿನವಿಡೀ ಕಬ್ಬು ಕಡಿದು ಬಂದವರಿಗೆ ಸಹಿ ಮಾಡಲು ಕಲಿಸಿದರು. ಸುಮಾರು ಹನ್ನೆರಡು ಸಾವಿರವಿದ್ದ ಮತದಾರರು ಎಪ್ಪತ್ತು ಸಾವಿರ ದಾಟಿದರು. ತೋಟದ ಧಣಿಗಳಿಗೆ ಇದಕ್ಕಿಂತ ಕೆಟ್ಟ ಕಾಪಿಪುಸ್ತಕ ಬೇರೆ ಇರಲಿಕ್ಕಿಲ್ಲ.

ಸ್ವಾತಂತ್ರ್ಯ ಬಂದದ್ದು 1968ರ ಮಾರ್ಚ್ 12ರಂದು. ದಂಡಿಯಾತ್ರೆ ಹೊರಟ ದಿನವನ್ನೇ ನೋಡಿ ಆರಿಸಿಕೊಂಡರು. ಶಿವಸಾಗರ ರಾಮಗುಲಾಂ ಮೊದಲ ಪ್ರಧಾನಿ. ಎಲ್ಲರೂ ಕುಣಿದರೆಂದೇನಲ್ಲ. ಹಿಂದಿನ ವರ್ಷದ ಚುನಾವಣೆಯಲ್ಲಿ ನೂರಕ್ಕೆ ನಲವತ್ತನಾಲ್ಕು ಮತ ಸ್ವಾತಂತ್ರ್ಯ ಬೇಡವೆಂದ ಕಡೆಗೆ ಬಿದ್ದಿತ್ತು. ಜನವರಿಯ ಗಲಭೆ ಅಡಗಿಸಲು ಬ್ರಿಟಿಷ್ ಸೈನ್ಯ ಬರಬೇಕಾಯಿತು. ಹೊರಡುವ ಮುನ್ನ, 1965ರಲ್ಲೇ, ಬ್ರಿಟನ್ ಚಾಗೋಸ್ ದ್ವೀಪಗಳನ್ನು ಬೇರೆ ಮಾಡಿ ತನ್ನಲ್ಲೇ ಇಟ್ಟುಕೊಂಡಿತ್ತು.

ಪೋರ್ಟ್ ಲೂಯಿಯ ಬ್ಲೂ ಪೆನ್ನಿ ಮ್ಯೂಸಿಯಂನಲ್ಲಿ 1847ರ ಆ ಕಿತ್ತಳೆ, ನೀಲಿ ಚೀಟಿಗಳೆರಡೂ ಇವೆ. ಬಣ್ಣ ಮಾಸದಿರಲೆಂದು ಗಂಟೆಗೆ ಕೆಲವೇ ನಿಮಿಷ ದೀಪ ಹಾಕುತ್ತಾರೆ. ನಾವು ಅಲ್ಲಿಗೆ ಹೋದಾಗ, ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ನನ್ನಾಕೆ, "ಇದಕ್ಕಾ ಇಷ್ಟು ದೂರ ಬಂದಿದ್ದು?" ಎಂದಳು. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಅಪ್ರವಾಸಿ ಘಾಟ್ ಇದೆ. ಹಡಗಿನಿಂದ ಇಳಿದ ಕೂಲಿಗಳು ಹತ್ತಿದ ಕಲ್ಲಿನ ಹದಿನಾರು ಮೆಟ್ಟಿಲು. ಅಲ್ಲಿ ಅವಳು ಏನೂ ಕೇಳಲಿಲ್ಲ. ಕಡಲತೀರ ನೋಡಲೆಂದು ಮಾರಿಷಸ್‌ಗೆ ಟಿಕೆಟ್ ತೆಗೆಸುವವರಲ್ಲಿ ನನ್ನದೊಂದು ವಿನಂತಿ: ಚೀಟಿ ನೋಡದಿದ್ದರೂ ಸರಿ, ಆ ಘಾಟಿಗೆ ಅರ್ಧ ದಿನ ಕೊಡಿ.