ವೇಗದ ಅಳತೆ

ಹುಬ್ಬಳ್ಳಿ-ಧಾರವಾಡಗಳ ನಡುವಿನ ದೊಡ್ಡ ರಸ್ತೆಗೆ ಸಮೀಪದಲ್ಲಿ, ಲಕಮನಹಳ್ಳಿಯಲ್ಲಿ ನನ್ನ ಮನೆಯಿದೆ. ರಾತ್ರಿ ಬಸ್ಸುಗಳ ಸಪ್ಪಳ ಅಡಗಿದ ಮೇಲೆ ಮೋಟಾರ್ ಸೈಕಲ್ಲುಗಳ ಸದ್ದು ಸ್ಪಷ್ಟವಾಗಿ ಕೇಳಿಬರುತ್ತದೆ. ದೂರದಿಂದ ಬರುವಾಗ ಏರಿದ್ದ ದನಿ ನಮ್ಮನ್ನು ದಾಟಿದೊಡನೆ ತಟ್ಟನೆ ಇಳಿದುಬಿಡುತ್ತದೆ. ಆ ಇಳಿತ ಹೆಚ್ಚಿದಷ್ಟೂ ವಾಹನದ ವೇಗ ಹೆಚ್ಚು. 1842ರಲ್ಲಿ ಡಾಪ್ಲರ್ ಎಂಬ ವಿಜ್ಞಾನಿ ತಿಳಿಸಿಕೊಟ್ಟ ಈ ತತ್ವ, ನಿದ್ರೆ ಬಾರದ ಮುದುಕನಿಗೆ ಒಳ್ಳೆಯ ವಿನೋದವನ್ನೇ ಒದಗಿಸಿದೆ!

ಆದರೆ ವಾಹನದ ಮೇಲೆ ಕುಳಿತವನಿಗೆ ಈ ಇಳಿತ ಕೇಳಿಸದು. ಸದ್ದು ಅವನೊಡನೆಯೇ ಓಡುತ್ತಿರುತ್ತದೆ. ಹಾಗಾದರೆ ಅವನು ತನ್ನ ವೇಗವನ್ನು ಅರಿಯುವುದು ಹೇಗೆ? ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿ 1990ರಲ್ಲಿ ಆರಂಭವಾದ ಪಂದ್ಯದ ಪಥದಲ್ಲಿ ಗಾಡಿ ಓಡಿಸಿ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಈ ಪ್ರಶ್ನೆ ಕೇಳಿದೆ. ಪಂದ್ಯದ ಗಾಡಿಗಳಿಂದ ವೇಗ ತೋರಿಸುವ ಮಾಪಕವನ್ನು ಸಾಮಾನ್ಯವಾಗಿ ಕಳಚಿಬಿಡುತ್ತಾರೆಂದು ಅವನು ಹೇಳಿದಾಗ ನನಗೆ ಅಚ್ಚರಿಯಾಯಿತು.

"ಸರ್, ಅಲ್ಲಿ ಮುಳ್ಳು ನೋಡಾಕ ಕಣ್ಣಿಗೆ ಪುರಸೊತ್ತು ಎಲ್ಲೈತ್ರಿ?" ಎಂದು ನಕ್ಕ.

ಎಂಜಿನ್ನಿನ ಸ್ವರ, ಹಾಕಿರುವ ಗೇರು, ಎದೆಗೆ ಬಡಿಯುವ ಗಾಳಿ ಇವೇ ಅವನ ಮಾಪಕಗಳು. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಮಡಿಯಾಗುತ್ತದೆಯಷ್ಟೆ. ಕಣ್ಣನ್ನು ಮಾತ್ರ ಅವನು ಪೂರ್ತಿ ನಂಬುವುದಿಲ್ಲ. ರೈಲಿನ ಕಿಟಕಿಯಿಂದ ನೋಡಿದವರಿಗೆ ಗೊತ್ತು: ಹತ್ತಿರದ ಕಂಬಗಳು ಓಡುತ್ತವೆ, ದೂರದ ಗುಡ್ಡ ನಿಂತೇ ಇರುತ್ತದೆ. ದೂರಕ್ಕೆ ದೃಷ್ಟಿ ನೆಟ್ಟ ಸವಾರನಿಗೆ ವೇಗ ಇದ್ದುದಕ್ಕಿಂತ ಕಡಿಮೆಯೆನಿಸುತ್ತದೆ. ಇನ್ನೊಂದು ಮೋಸ ಇದಕ್ಕೂ ದೊಡ್ಡದು. ನೇರವಾದ ಹಾದಿಯಲ್ಲಿ ಗಂಟೆಗೆ 150 ಕಿಲೋಮೀಟರಿನಂತೆ ಹಾರಿ ಬಂದವನು 80ಕ್ಕೆ ಇಳಿಸಿದಾಗ, ಎತ್ತಿನ ಬಂಡಿಯಲ್ಲಿ ಕುಳಿತಂತೆ ಅವನಿಗೆ ಭಾಸವಾಗುತ್ತದೆ. ಆ ಭಾವನೆಯನ್ನು ನಂಬಿ ತಿರುವಿಗೆ ನುಗ್ಗಿದವನು ಪಥದ ಹೊರಗೆ ಹೋಗಿ ಬೀಳುತ್ತಾನೆ. ಆದುದರಿಂದಲೇ ತಿರುವಿಗೆ ಮೊದಲು ದೂರ ಸೂಚಿಸುವ ಫಲಕಗಳನ್ನು ನೆಟ್ಟಿರುತ್ತಾರೆ. ಮನಸ್ಸು ಏನೇ ಹೇಳಲಿ, ಅಭ್ಯಾಸದಲ್ಲಿ ನಿಶ್ಚಯಿಸಿಕೊಂಡ ಗುರುತು ಬಂದೊಡನೆ ಬ್ರೇಕು ಒತ್ತಲೇಬೇಕು. ಸುತ್ತು ಸುತ್ತಿಗೂ ಆ ಗುರುತು ಅಲ್ಲಿಯೇ ಇರುತ್ತದೆ; ಎದುರಿನಿಂದ ಯಾರೂ ಬರುವುದಿಲ್ಲ. ಧೈರ್ಯಕ್ಕಿಂತ ಈ ಶಿಸ್ತೇ ನನಗೆ ಹೆಚ್ಚು ಮೆಚ್ಚುಗೆಯಾಯಿತು.

ನಮ್ಮ ರಸ್ತೆಯ ತರುಣರಲ್ಲಿ ಆ ಕಣ್ಣಿನ ಮೋಸವೆಲ್ಲ ಇದೆ, ಫಲಕವೊಂದಿಲ್ಲ. 60ರ ವೇಗದಲ್ಲಿ ಒಳ್ಳೆಯ ಬ್ರೇಕು ಹಿಡಿದ ಮೇಲೂ ಗಾಡಿ ಸುಮಾರು 20 ಮೀಟರು ಸಾಗಿ ನಿಲ್ಲುತ್ತದೆ. 120ರಲ್ಲಿ ಅದು 40 ಅಲ್ಲ, 80 ಮೀಟರು. ಬೆಚ್ಚಿ ಬ್ರೇಕಿಗೆ ಕೈಹಾಕುವಷ್ಟರಲ್ಲಿ ಕಳೆದುಹೋಗುವ ದೂರ ಬೇರೆ. 2018ರಲ್ಲಿ ಚಿಗರಿ ಬಸ್ಸುಗಳು ಬಂದಾಗ ಅವುಗಳ ನಿಲ್ದಾಣಗಳನ್ನು ರಸ್ತೆಯ ನಟ್ಟನಡುವೆ ಕಟ್ಟಿದರು. ನಮ್ಮ ಓಣಿಯ ಅಜ್ಜಿಯೊಬ್ಬರು ಅಲ್ಲಿಗೆ ಹೋಗಲು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೊಮ್ಮಗಳ ಬೆರಳು ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಿರುತ್ತಾರೆ. ದೂರದಲ್ಲಿ ಕಾಣುವ ದೀಪ ಎಷ್ಟು ವೇಗವಾಗಿ ಬರುತ್ತಿದೆಯೆಂಬುದನ್ನು ಅವರೂ ಕಣ್ಣಳತೆಯಿಂದಲೇ ನಿರ್ಧರಿಸಬೇಕು.