ಸಿಸ್ಟರಿಗೊಂದು ಕುರ್ಚಿ

ಹೆಗಲಿಗೆ ನೀಲಿ ಡಬ್ಬಿ, ಕೈಯಲ್ಲಿ ರಿಜಿಸ್ಟರ್, ಕಂಕುಳಲ್ಲಿ ಛತ್ರಿ. ಈ ಮೂರೂ ಒಟ್ಟಿಗೆ ನಮ್ಮ ಹೈಸ್ಕೂಲಿನ ಗೇಟು ದಾಟಿ ಬಂದವೆಂದರೆ, ಕಬಡ್ಡಿಯಲ್ಲಿ ತಾಲ್ಲೂಕಿಗೆ ಹೆಸರಾದ ಹುಡುಗರೂ ಹಿಂದಿನ ಗೋಡೆ ಹಾರಲು ಸಿದ್ಧರಾಗುತ್ತಿದ್ದರು. ‘ಸೂಜಿ ಬಂತೋ!’ ಎಂಬ ಕೂಗು ಎಂಟನೇ ತರಗತಿಯಿಂದ ಹತ್ತನೆಯದಕ್ಕೆ ಮುಟ್ಟಲು ಅರ್ಧ ನಿಮಿಷ ಸಾಕಿತ್ತು.

ಕೆಲವು ದೇಶಗಳ ಶಾಲೆಗಳಲ್ಲಿ ಮಕ್ಕಳಿಗೆಂದೇ ಒಬ್ಬ ನರ್ಸ್ ಇರುತ್ತಾರೆ. ನಮ್ಮ ರಾಯಬಾಗ ಕಡೆಯ ಹಳ್ಳಿಗಳಲ್ಲಿ ಉಪಕೇಂದ್ರದ ಸಿಸ್ಟರೇ ಶಾಲೆಗೂ ಸಿಸ್ಟರ್. ಸರ್ಕಾರದ ಲೆಕ್ಕದಲ್ಲಿ ಬಯಲು ಪ್ರದೇಶದ 5,000 ಜನರಿಗೆ ಒಂದು ಉಪಕೇಂದ್ರ. ಬಸುರಿ, ಬಾಣಂತಿ, ಕೂಸು, ಬಿ.ಪಿ.ಯ ಮುದುಕರು, ಅಂಗನವಾಡಿ, ಶಾಲೆ ಎಲ್ಲವೂ ಆ ಲೆಕ್ಕದೊಳಗೇ ಬಂದವು. ನಮ್ಮ ಸಿಸ್ಟರ್ ಅಥಣಿ ಕಡೆಯವರು. ಮಾತು ಕಡಿಮೆ, ನಡಿಗೆ ಜೋರು.

2017ರ ಫೆಬ್ರುವರಿಯ ಒಂದು ಶನಿವಾರ ನಾನು ಅವರಿಗೆ ಮಾಡಿದ ಅನ್ಯಾಯ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಗ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ. ದೇಶದ ಮೊದಲ ಸುತ್ತಿನಲ್ಲಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹಾಕಬೇಕು. ಶಾಲೆಯ ಆರೋಗ್ಯದ ಜವಾಬ್ದಾರಿ ವಿಜ್ಞಾನ ಶಿಕ್ಷಕಿಯಾದ ನನ್ನದು. ನಾನು ಮಾಡಿದ್ದಿಷ್ಟೆ: ಶುಕ್ರವಾರ ಸಂಜೆ ‘ನಾಳೆ ಲಸಿಕೆ ಇದೆ, ತಪ್ಪದೆ ಬರಬೇಕು’ ಎಂದು ಮಕ್ಕಳ ಡೈರಿಯಲ್ಲಿ ಬರೆಸಿದೆ. ಯಾವ ಲಸಿಕೆ, ಯಾಕೆ, ಹಾಕಿದ ಮೇಲೆ ಏನಾಗಬಹುದು, ಒಂದು ಅಕ್ಷರವೂ ಇಲ್ಲ. ನಾನು ಬರೆಯದೆ ಬಿಟ್ಟದ್ದನ್ನು ರಾತ್ರಿ ವಾಟ್ಸ್‌ಆ್ಯಪ್ ಬರೆಯಿತು. ಈ ಸೂಜಿ ಚುಚ್ಚಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸಂದೇಶ ಮನೆಮನೆ ಸುತ್ತಿತು.

ಶನಿವಾರ ಮುಂಜಾನೆ ಶಾಲೆ. ಅರ್ಧಕ್ಕರ್ಧ ಮಕ್ಕಳು ಬರೀ ಚಹಾ ಕುಡಿದು ಬಂದಿದ್ದರು. ಪಡಸಾಲೆಯಲ್ಲಿ ಉದ್ದ ಸಾಲು ನಿಲ್ಲಿಸಿದೆ. ಮುಂದಿನವರಿಗೆ ಸೂಜಿ ಹೋಗುವುದು ಹಿಂದಿನವರಿಗೆಲ್ಲ ಕಾಣುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಲೆ ತಿರುಗಿ ಬಿದ್ದಳು. ಅವಳನ್ನು ಎತ್ತುವಷ್ಟರಲ್ಲಿ ಮತ್ತೊಬ್ಬಳು. ಹತ್ತು ನಿಮಿಷದಲ್ಲಿ ಆರು ಜನ. ಅದರಲ್ಲಿ ಇಬ್ಬರಿಗೆ ಇನ್ನೂ ಸೂಜಿಯೇ ಹಾಕಿರಲಿಲ್ಲ! ಸುದ್ದಿ ಊರಿಗೆ ಮುಟ್ಟಿ, ಟ್ರ್ಯಾಕ್ಟರ್ ತುಂಬ ಜನ ಗೇಟಿಗೆ ಬಂದರು. ಸಿಸ್ಟರ್ ಒಬ್ಬರೇ ಲಸಿಕೆ ಹಾಕಬೇಕು, ರಿಜಿಸ್ಟರ್ ಬರೆಯಬೇಕು, ಬಿದ್ದವರ ನಾಡಿ ನೋಡಬೇಕು, ಸಿಟ್ಟಾದವರಿಗೆ ಉತ್ತರ ಕೊಡಬೇಕು. ಅಲ್ಲಿದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಉದ್ಘಾಟನೆಗೆ ಬಂದಿದ್ದ ಹಿರಿಯರು ಕೂತಿದ್ದರು. ಸಿಸ್ಟರ್ ನಾಲ್ಕು ತಾಸು ನಿಂತೇ ಇದ್ದರು.

ಆರೂ ಹುಡುಗಿಯರು ಕಾಲು ಮೇಲೆ ಮಾಡಿ ಮಲಗಿ, ನೀರು ಕುಡಿದು ಎದ್ದು ಕೂತರು. ಆದರೆ ಎಷ್ಟೋ ಮಕ್ಕಳು ಲಸಿಕೆಯಿಲ್ಲದೆ ಮನೆಗೆ ಹೋದರು. ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿ ಹಂಚಿಕೊಳ್ಳುತ್ತ ಸಿಸ್ಟರ್ ಹೇಳಿದರು:

“ಅಕ್ಕೋರ, ಸೂಜಿ ಹಾಕೂದು ನನ್ನ ಕೆಲಸ ರೀ. ಅದಕ್ಕ ಹತ್ತು ಸೆಕೆಂಡ್ ಸಾಕು. ಅದರ ಹಿಂದಿಂದು, ಮುಂದಿಂದು ನನ್ನೊಬ್ಬಾಕಿ ಕಡಿಂದ ಆಗೂದಿಲ್ರಿ.”

ಸಿಟ್ಟಿನ ಮಾತಾಗಿದ್ದರೆ ಮರೆಯುತ್ತಿದ್ದೆನೇನೋ. ಅವರಿಗೆ ಸಿಟ್ಟಿರಲಿಲ್ಲ, ದಣಿವಿತ್ತು.

ಕಳೆದ ವರ್ಷ ಎಚ್‌ಪಿವಿ ಲಸಿಕೆಯ ಮಾತು ನಮ್ಮ ಶಾಲೆಗೂ ಬಂದಾಗ ನನಗೆ ಆ ಶನಿವಾರ ನೆನಪಾಯಿತು. ಅದರೊಟ್ಟಿಗೆ ನಿಪ್ಪಾಣಿಯ ಕಾಕಿ ನೆನಪಾದಳು.

ಕಾಕಿ ಬೀಡಿ ಕಟ್ಟುತ್ತಿದ್ದಳು. ರಜೆಗೆ ಹೋದಾಗ ಅವಳ ಮೊರದ ಪಕ್ಕ ಕೂತು ನಾನು ಎಲೆ ಕತ್ತರಿಸಿ ಕೊಡುತ್ತಿದ್ದೆ. ಐವತ್ತು ದಾಟಿ, ಮುಟ್ಟು ನಿಂತು ವರ್ಷಗಳಾದ ಮೇಲೆ ಅವಳಿಗೆ ಮತ್ತೆ ರಕ್ತ ಕಾಣಿಸಿತು. ಯಾರಿಗೂ ಹೇಳಲಿಲ್ಲ. ಸಾವಿರ ಬೀಡಿಯ ಲೆಕ್ಕ ತಪ್ಪೀತು ಎಂಬ ಚಿಂತೆ ಒಂದು, ನಾಚಿಕೆ ಒಂದು. ಕಾಕಾ ಅವಳನ್ನು ಮೀರಜಕ್ಕೆ ಕರೆದೊಯ್ಯುವಷ್ಟರಲ್ಲಿ ಗರ್ಭಕಂಠದ ಕ್ಯಾನ್ಸರ್ ಎಲ್ಲ ಕಡೆ ಹಬ್ಬಿತ್ತು. ಕೊನೆಯ ದಿನಗಳಲ್ಲಿ, “ಮೊದಲ ಹೇಳಿದ್ರ ಏನರ ಆಗತಿತ್ತೇನ ಮಗಳ?” ಎಂದು ನನ್ನನ್ನೇ ಕೇಳಿದಳು. ವಿಜ್ಞಾನ ಕಲಿಸುವವಳ ಹತ್ತಿರ ಉತ್ತರವಿತ್ತು. ಹೇಳಲು ಬಾಯಿ ಬರಲಿಲ್ಲ.

ಕಾಕಿಯದು ಒಬ್ಬಳ ಕಥೆಯಲ್ಲ. ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಬರುತ್ತದೆ, 75 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಇದಕ್ಕೆ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ ಕಾರಣವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ಸಿನ ನೂರಾರು ತಳಿಗಳಲ್ಲಿ 16 ಮತ್ತು 18 ಎಂಬ ಎರಡೇ ತಳಿಗಳಿಂದ ಸುಮಾರು ಶೇ 70ರಷ್ಟು ಗರ್ಭಕಂಠದ ಕ್ಯಾನ್ಸರ್ ಬರುತ್ತದೆ. ದಾಂಪತ್ಯದ ಸಂಪರ್ಕದಿಂದ ಹರಡುವ ಈ ವೈರಸ್ ಎಷ್ಟು ಸಾಮಾನ್ಯವೆಂದರೆ, ಬಹುತೇಕ ಎಲ್ಲರಿಗೂ ಬದುಕಿನಲ್ಲಿ ಒಮ್ಮೆ ತಗಲಿಯೇ ತಗಲುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರಗಟ್ಟುತ್ತದೆ. ಕೆಲವರಲ್ಲಿ ಉಳಿದು, ಹತ್ತಿಪ್ಪತ್ತು ವರ್ಷಗಳ ಮೇಲೆ ಕ್ಯಾನ್ಸರ್ ಆಗುತ್ತದೆ. ವೈರಸ್ ತಗಲುವ ಮೊದಲೇ, 9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಹಾಕುವುದು ಅದಕ್ಕೇ.

ಈ ಸಲ ಲಸಿಕೆಗಿಂತ ಮೊದಲು ಮಾತು ಬರಲಿ ಎಂದು ನಿರ್ಧರಿಸಿದೆ. ಪಾಲಕರ ಸಭೆಗೆ ಸಿಸ್ಟರನ್ನು ಕರೆದೆವು. ನಮ್ಮದು ಗಡಿ ಸೀಮೆ. ಕಾಗವಾಡ ಕಡೆಯಿಂದ ಮದುವೆಯಾಗಿ ಬಂದ ಎಷ್ಟೋ ತಾಯಂದಿರಿಗೆ ಓದಲು ಬರುವುದು ಮರಾಠಿ. ಅದಕ್ಕೆ ಚೀಟಿಯನ್ನು ಎರಡೂ ಭಾಷೆಯಲ್ಲಿ ಮಾಡಿಸಿ, ವಾರ ಮೊದಲೇ ಮನೆಗೆ ಕಳಿಸಿದ್ದೆವು.

ಸಭೆಯಲ್ಲಿ ಮೊದಲು ಮೌನ. ಆಮೇಲೆ ಹಿಂದಿನ ಸಾಲಿನ ತಾಯಿಯೊಬ್ಬರು ಎದ್ದರು. “ನಮ್ಮ ಹುಡುಗಿ ಅಂಥಾಕಿ ಅಲ್ರಿ. ಆಕಿಗ್ಯಾಕ ಇದು?”

ಸಿಸ್ಟರ್ ನಗಲೂ ಇಲ್ಲ, ಉಪದೇಶವನ್ನೂ ಮಾಡಲಿಲ್ಲ. “ಕಬ್ಬು ಹಚ್ಚೂ ಮೊದಲ ಬೀಜದ ತುಂಡು ಔಷಧದಾಗ ಅದ್ದತೀರಿಲ್ರಿ ಯಕ್ಕಾ? ರೋಗ ಬಂದೈತಿ ಅಂತ ಅದ್ದತೀರೇನು? ಬರಬಾರದು ಅಂತ. ಇದೂ ಹಂಗ. ನಾಳೆ ಮದುವಿ ಆಗಿ ಒಳ್ಳೆ ಮನಿಗೆ ಹೋದಾಕಿಗೂ ಬರೂ ರೋಗ ಇದು.”

ಆ ತಾಯಿ ಕೂತರು. ಪ್ರಶ್ನೆಗಳು ಎದ್ದವು. ಮಕ್ಕಳಾಗಲು ತೊಂದರೆಯೇ? ಇಲ್ಲ. ಜ್ವರ ಬರುತ್ತದೆಯೇ? ಬರಬಹುದು. ತೋಳು ನೋಯುತ್ತದೆ, ಕೆಲವರಿಗೆ ತಲೆನೋವು, ಕೆಲವರಿಗೆ ತಲೆಸುತ್ತು. ತೀವ್ರ ಅಲರ್ಜಿ ತೀರ ಅಪರೂಪ, ಆದರೆ ಆದೀತೆಂದೇ ಅರ್ಧ ತಾಸು ಕೂರಿಸಿಕೊಳ್ಳುವುದು, ಔಷಧ ಜೊತೆಗಿಟ್ಟುಕೊಳ್ಳುವುದು. ಲಸಿಕೆ ಹಾಕಿಸಿಕೊಂಡವರು ದೊಡ್ಡವರಾದ ಮೇಲೆ ತಪಾಸಣೆ ಬೇಡವೇ? ಬೇಕು. ಮೂವತ್ತು ದಾಟಿದ ತಾಯಂದಿರಿಗಂತೂ ಈಗಲೇ ಬೇಕು ಎಂದು ಸಿಸ್ಟರ್ ಸಭೆಯನ್ನೇ ದಿಟ್ಟಿಸಿದರು.

ಸಭೆ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು ಸಹಜವಾಗಿ ಅಂದರು: “ಹಾಸ್ಟೆಲ್ ಹುಡುಗ್ಯಾರ ತಾಯಿ-ತಂದಿ ಬರೂದಿಲ್ಲ. ಆ ಸಹಿ ನಾವ ಮಾಡಿದ್ರ ಆತು.”

ಹಾಗೆ ಆದದ್ದು ಒಮ್ಮೆ ನಮ್ಮ ದೇಶದಲ್ಲಿ ಬಲು ದುಬಾರಿಯಾಗಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಎಚ್‌ಪಿವಿ ಲಸಿಕೆಯ ಯೋಜನೆಯೊಂದು ನಡೆಯಿತು. ಖಮ್ಮಂನ ಹಾಸ್ಟೆಲ್ಲುಗಳಲ್ಲಿ ಪಾಲಕರ ಬದಲು ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದರು. ಲಸಿಕೆ ಪಡೆದವರಲ್ಲಿ ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂದಾಗ ದೇಶವೇ ಬೆಚ್ಚಿತು. ಸಾವಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಆದರೆ ಕೇಳದೆ ಮಾಡಿದವರ ಮಾತನ್ನು ಆಮೇಲೆ ಯಾರು ನಂಬಬೇಕು? 2010ರಲ್ಲಿ ಯೋಜನೆ ನಿಂತಿತು. ಸಹಿ ಪಾಲಕರದ್ದೇ ಆಗಬೇಕು ಎಂದೆ. ಸಹೋದ್ಯೋಗಿ ಒಪ್ಪಿದರು. ಹಾಸ್ಟೆಲ್ ಹುಡುಗಿಯರ ಮನೆಗೆ ಫೋನು ಹಚ್ಚುವ ಕೆಲಸವನ್ನೂ ಅವರೇ ವಹಿಸಿಕೊಂಡರು.

ಆ ನಿಲುಗಡೆಯಿಂದ ಇನ್ನೊಂದು ಸಂಗತಿಯೂ ಹುಟ್ಟಿತು. ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೂ ಸೇರಿ ದೇಶದ ಒಂಬತ್ತು ಕಡೆ ಆಗ ಬೇರೊಂದು ಅಧ್ಯಯನ ನಡೆದಿತ್ತು. ಅದರಲ್ಲೂ ಲಸಿಕೆ ನಿಂತಿದ್ದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ವೈದ್ಯರು ಅವರನ್ನು ಕೈಬಿಡದೆ ಹತ್ತು ವರ್ಷ ನೋಡುತ್ತ ಹೋದರು. 16 ಮತ್ತು 18ರ ವಿರುದ್ಧ ಒಂದು ಡೋಸಿನ ರಕ್ಷಣೆಯೂ ಹೆಚ್ಚು ಡೋಸಿನಷ್ಟೇ ಗಟ್ಟಿಯಾಗಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನೂ ಒಪ್ಪಿಕೊಂಡಿತು. ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಬಾರ್ಶಿಯ ಹುಡುಗಿಯರ ತೋಳುಗಳೂ ಇದ್ದವು. ನಮ್ಮದೇ ದೇಶದ ಲಸಿಕೆ ಸರ್ವಾವ್ಯಾಕ್ ತಯಾರಾಗುವುದು ಪುಣೆಯಲ್ಲಿ. ಕಾಕಿಯ ಊರಿನ ಪಕ್ಕ ಹಾಯುವ ಹೆದ್ದಾರಿ ಪುಣೆಯಿಂದಲೇ ಬರುತ್ತದೆ.

ಶಾಲೆಗಳಿಂದ ಇದು ಸಾಧ್ಯವೇ ಎಂದು ಕೇಳುವವರಿಗೆ ಸಿಕ್ಕಿಂ ಉತ್ತರ. 2018ರಲ್ಲಿ ಅಲ್ಲಿ ಶಾಲೆಗಳ ಮೂಲಕವೇ ಶೇ 95ಕ್ಕೂ ಹೆಚ್ಚು ಹುಡುಗಿಯರಿಗೆ ಲಸಿಕೆ ಮುಟ್ಟಿತು. ಪಾಲಕರಿಗೆ, ಶಿಕ್ಷಕರಿಗೆ ಮೊದಲೇ ತಿಳಿಸಿದ್ದರು. ಕೊಲಂಬಿಯಾದ ಒಂದು ಪಟ್ಟಣದಲ್ಲಿ 2014ರಲ್ಲಿ ಆದದ್ದು ನಮ್ಮ ಶನಿವಾರದಂಥದ್ದೇ, ಅದಕ್ಕಿಂತ ಬಹಳ ದೊಡ್ಡದು. ಹುಡುಗಿಯರು ಸಾಲುಸಾಲಾಗಿ ತಲೆಸುತ್ತಿ ಬಿದ್ದರು. ಲಸಿಕೆಯ ದೋಷವಲ್ಲ ಎಂದು ತಿಳಿದರೂ ಅಂಜಿಕೆ ದೇಶವನ್ನೆಲ್ಲ ಹಬ್ಬಿತು, ಲಸಿಕೆ ಹಾಕಿಸುವವರ ಸಂಖ್ಯೆ ಕುಸಿಯಿತು.

ಹೀಗಾಗಿ ಸಿಸ್ಟರೂ ನಾನೂ ಕೂತು, ಯಾವ ಲಸಿಕೆಯೇ ಬರಲಿ, ಶಾಲೆಯ ಪಾಲಿನ ಕೆಲಸವೇನೆಂದು ಒಂದು ಹಾಳೆಯಲ್ಲಿ ಬರೆದೆವು. ಮಕ್ಕಳು ಉಂಡು ಬರಬೇಕು, ಇಲ್ಲದವರಿಗೆ ಶಾಲೆಯಲ್ಲೇ ಉಪ್ಪಿಟ್ಟು. ಕಾಯಲು ಒಂದು ಕೋಣೆ, ಸೂಜಿಗೆ ಒಂದು, ಆಮೇಲೆ ಕೂರಲು ಒಂದು. ಒಬ್ಬರ ಸೂಜಿ ಇನ್ನೊಬ್ಬರಿಗೆ ಕಾಣಬಾರದು. ರಿಜಿಸ್ಟರ್ ಬರೆಯುವುದು ಶಿಕ್ಷಕರು. ಅಂಜುವ ಹುಡುಗಿಯ ಪಕ್ಕ ಗೆಳತಿ. ಅಲರ್ಜಿ, ಜ್ವರ ಇದ್ದವರ ಹೆಸರು ಮೊದಲೇ ಸಿಸ್ಟರ ಕೈಗೆ. ವೈದ್ಯರ ನಂಬರು ಗೋಡೆಯ ಮೇಲೆ. ತಪ್ಪಿಸಿಕೊಂಡವರ ಪಟ್ಟಿ ಅದೇ ದಿನ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬರುವ ಹುಡುಗಿಯರು ಯಾವ ಹಾಜರಿಯಲ್ಲೂ ಇರುವುದಿಲ್ಲ. ಅವರ ಗುಡಿಸಲುಗಳಿಗೆ ಹೋಗಿ ಹೆಸರು ಬರೆದು ತರಲು ಆಶಾ ಕಾರ್ಯಕರ್ತೆಯ ಜೊತೆ ನಾನೂ ಹೋಗುವುದು.

ನೀಲಿ ಡಬ್ಬಿಯ ಗುಟ್ಟು ನನಗೆ ಗೊತ್ತಾದದ್ದೂ ಆಗಲೇ. ಎಚ್‌ಪಿವಿ ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು. ಅದಕ್ಕೆ ಐಸ್ ಪ್ಯಾಕನ್ನು ನೇರ ಡಬ್ಬಿಗೆ ಇಡುವಂತಿಲ್ಲ. ಹೊರಗಿಟ್ಟು, ಅಲ್ಲಾಡಿಸಿ, ಒಳಗೆ ನೀರು ಗುಳುಗುಳು ಅಂದ ಮೇಲೆ ಇಡಬೇಕು. ಇಷ್ಟು ವರ್ಷ ಸಿಸ್ಟರ್ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸುವಾಗ ನಾವು ಹಿಂದಿನಿಂದ ನಗುತ್ತಿದ್ದೆವು.

ಮೊನ್ನೆ ಚಿಕ್ಕೋಡಿಯಲ್ಲಿ ಅಣ್ಣನ ಮಗಳಿಗೆ ಮಕ್ಕಳ ಡಾಕ್ಟರ ಹತ್ತಿರ ಎಚ್‌ಪಿವಿ ಹಾಕಿಸಿದೆವು. ಎಂಟನೆಯ ತರಗತಿ. ಕಣ್ಣು ಮುಚ್ಚಿ ನನ್ನ ಕೈ ಹಿಡಿದಿದ್ದಳು. ತೆರೆದಾಗ, “ಅತ್ತಿ, ಇಷ್ಟ ಏನ?” ಎಂದಳು.

“ಇಷ್ಟ,” ಎಂದೆ. ಕಾಕಿಗೆ ಅಂದು ಕೊಡಲಾಗದ ಉತ್ತರವನ್ನು ಅರ್ಧ ತಾಸು ಬೆಂಚಿನ ಮೇಲೆ ಕೂತು ಇವಳಿಗೆ ಹೇಳಿದೆ. ರೊಕ್ಕ ಕೊಟ್ಟು ಹಾಕಿಸಲಾಗದ ಮನೆಗಳ ಹುಡುಗಿಯರು ನನ್ನ ತರಗತಿಯಲ್ಲಿ ತುಂಬಿದ್ದಾರೆ. ಅವರ ಪಾಲಿಗೆ ಶಾಲೆಯೇ ದವಾಖಾನೆ.

ಹೋದ ವಾರ ಹತ್ತನೆಯವರ ಟಿಡಿ ಲಸಿಕೆಗೆ ಸಿಸ್ಟರ್ ಬಂದರು. ಹಾಳೆಯಲ್ಲಿ ಬರೆದದ್ದನ್ನೆಲ್ಲ ನಡೆಸಿ ನೋಡಿದೆವು. ಒಬ್ಬರೂ ಬೀಳಲಿಲ್ಲ. ಸೂಜಿಯ ಕೋಣೆಯಲ್ಲಿ ಮುಖ್ಯೋಪಾಧ್ಯಾಯರ ಗಾದಿ ಕುರ್ಚಿ ಹಾಕಿಸಿದ್ದೆ. ಸಿಸ್ಟರ್ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಛತ್ರಿ ಮೂಲೆಗಿಟ್ಟು ಕೂತರು.

“ಮೊದಲನೇದಾಕಿನ ಕಳಸ್ರಿ ಅಕ್ಕೋರ,” ಎಂದರು.