ಹೆಪ್ಪುಗಟ್ಟುವ ನೀರಿನ ಮೇಲೆ ಒಂದು ಹಗಲು

ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ ಸಂಚರಿಸುವ ‘ನ್ಯಾರೋಬೋಟ್’ ಹೆಸರಿಗೆ ತಕ್ಕಂತೆ ಬಲು ಕಿರಿದಾದ ದೋಣಿ. ಅಗಲ 7 ಅಡಿಗೂ ತುಸು ಕಡಿಮೆ. ಉದ್ದ ಮಾತ್ರ 70 ಅಡಿಯವರೆಗೂ ಉಂಟು. ಬೇಸಗೆಯಲ್ಲಿ ವಿಹಾರಾರ್ಥಿಗಳು ಇದನ್ನು ಬಾಡಿಗೆಗೆ ಹಿಡಿದು ನಲಿಯುತ್ತಾರೆ. ಚಳಿ ಇಳಿದೊಡನೆ ಅವರಲ್ಲಿ ಬಹುಮಂದಿ ಮರೆಯಾಗುತ್ತಾರೆ. ಆಮೇಲೆ ನೀರಿನ ಮೇಲೆ ಉಳಿಯುವವರು ಹೆಚ್ಚಾಗಿ ದೋಣಿಯನ್ನೇ ಮನೆ ಮಾಡಿಕೊಂಡವರು. ಅವರಲ್ಲಿ ಕಾಯಂ ತಂಗುದಾಣವಿಲ್ಲದವರಿಗೆ 1995ರ ಕಾಯಿದೆಯ ಕಟ್ಟುಪಾಡೊಂದಿದೆ: ತಕ್ಕ ಕಾರಣವಿಲ್ಲದೆ ಒಂದೇ ಎಡೆಯಲ್ಲಿ 14 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಆದಕಾರಣ ಡಿಸೆಂಬರಿನ ಕೊರೆಯುವ ಬೆಳಗಿನಲ್ಲಿಯೂ ಹಗ್ಗ ಬಿಚ್ಚಬೇಕಾಗುತ್ತದೆ.

ಲಂಡನ್ನನ್ನೂ ಬರ್ಮಿಂಗ್‌ಹ್ಯಾಮನ್ನೂ ಕೂಡಿಸುವ ಗ್ರಾಂಡ್ ಯೂನಿಯನ್ ಕಾಲುವೆಯಲ್ಲಿ, ಸ್ಟೋಕ್ ಬ್ರೂಯರ್ನ್ ಹಳ್ಳಿಯ ಕೆಳಗಡೆ ಅಂಥ ಒಂದು ದೋಣಿ. ಅದರೊಳಗೆ ಮುಪ್ಪಿನ ದಂಪತಿಗಳು. ಗಂಡನಿಗೆ ಇನ್ನೂ ಎರಡು ದಿನ ತಡೆಯುವ ಮನಸ್ಸು. “ಇಂದು ನಾವು ಹೊರಡದಿದ್ದರೆ ನಾಳೆ ನೀರು ಬಿಡಬೇಕಲ್ಲ” ಎಂದಳು ಹೆಂಡತಿ. ಅವಳ ಮಾತೇ ಸರಿ. ನೀರಿನ ಅಂಚಿನಲ್ಲಿ ಆಗಲೇ ಕನ್ನಡಿಯಂಥ ತೆಳು ಪದರ ಕಟ್ಟಿತ್ತು. ದೋಣಿ ಚಲಿಸಿದೊಡನೆ ಅದು ಗಾಜಿನಂತೆ ಸೀಳಿ, ಉಕ್ಕಿನ ಮೈಗೆ ಕರಕರನೆ ಉಜ್ಜಿತು.

ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ದಂಡೆಗೆ ಕಟ್ಟಿದ ದೋಣಿಗಳ ಬಳಿ ಅದಕ್ಕಿಂತಲೂ ನಿಧಾನ. ಮಂಜುಗಡ್ಡೆಯಿದ್ದಾಗಲಂತೂ ಹೆಚ್ಚಿನ ಎಚ್ಚರ ಬೇಕು. ಒಡೆದ ಹಲ್ಲೆಗಳು ಜಾರಿಹೋಗಿ ನೆರೆಯವರ ಮರದ ದೋಣಿಯ ಮೈಯನ್ನು ಕೊಯ್ದಾವು. ತನ್ನ ದಾರಿಯನ್ನು ತಾನು ಬಿಡಿಸಿಕೊಳ್ಳುವವನು ಇನ್ನೊಬ್ಬನ ಗೋಡೆಯನ್ನು ಮರೆಯಬಾರದೆಂಬುದು ಇಲ್ಲಿಯ ಅಲಿಖಿತ ಧರ್ಮ.

ಹಳ್ಳಿಯ ಕಡೆಗೆ ಏರಲು 7 ‘ಲಾಕ್’ಗಳುಂಟು. ಲಾಕ್ ಎಂದರೆ ಎರಡು ತುದಿಗೂ ಕದಗಳಿರುವ ತೊಟ್ಟಿ. ದೋಣಿ ಒಳಹೊಕ್ಕ ಮೇಲೆ ಕೆಳಗಿನ ಕದ ಮುಚ್ಚಿ, ಮೇಲಿನ ತೂಬುಗಳನ್ನು ತೆರೆದರೆ ನೀರು ತುಂಬಿ ದೋಣಿಯನ್ನು ಮೇಲಕ್ಕೆತ್ತುತ್ತದೆ. ಗಂಡ ಚುಕ್ಕಾಣಿ ಹಿಡಿದು ನಿಂತ. ಹೆಂಡತಿ ಕಬ್ಬಿಣದ ಹಿಡಿಯಿಂದ ತೂಬು ತಿರುಗಿಸಿ, ಕದದ ತೊಲೆಗೆ ಬೆನ್ನು ಕೊಟ್ಟು ನೂಕಿದಳು. ಅಂಚಿನ ಕಲ್ಲುಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಕಾಲು ಜಾರಿದರೆ ಕೆಳಗೆ ಸಾವಿನಂಥ ನೀರು. ಅವಳು ಒಂದು ಹೆಜ್ಜೆಯನ್ನೂ ಅವಸರದಿಂದ ಇಡಲಿಲ್ಲ.

ಏರಿದ ಮೇಲೆ ಕಾಣುವುದು ಹಳೆಯ ಹಿಟ್ಟಿನ ಗಿರಣಿಯಲ್ಲಿರುವ ಕಾಲುವೆಯ ವಸ್ತುಸಂಗ್ರಹಾಲಯ. ಅದು ತೆರೆದದ್ದು 1963ರಲ್ಲಿ. ಆ ವರ್ಷವನ್ನು ಕಾಲುವೆ ಮರೆಯಲಾರದು. 1962ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಹಿಮ ಮುಂದಿನ ಮಾರ್ಚಿಯವರೆಗೂ ಬಿಡಲಿಲ್ಲ. ಸರಕಿನ ದೋಣಿಗಳು ಇದ್ದಲ್ಲಿಯೇ ಸಿಲುಕಿದವು. ಹಿಂಭಾಗದ ಪುಟ್ಟ ಕೋಣೆಯಲ್ಲಿ ಸಂಸಾರ ಹೂಡಿದ್ದ ದೋಣಿಗರಿಗೆ ಸರಕು ಸಾಗಿದರೆ ಕೂಲಿ. ರಸ್ತೆಯ ಲಾರಿಗಳೊಡನೆ ಸೆಣಸಿ ಮೊದಲೇ ಬಳಲಿದ್ದ ಕಸುಬಿಗೆ ಆ ಚಳಿ ಸೊಂಟ ಮುರಿಯಿತು. ಅದೇ ವರ್ಷ ಸರ್ಕಾರದ ಜಲಮಾರ್ಗ ಮಂಡಳಿಯು ತನ್ನ ನ್ಯಾರೋಬೋಟ್ ಸಾಗಣೆಯ ಬಹುಭಾಗವನ್ನು ನಿಲ್ಲಿಸಿತು. ದೋಣಿಗರ ಬದುಕು ಅಳಿಯುತ್ತಿದ್ದ ವರ್ಷವೇ ಅದರ ಪಳೆಯುಳಿಕೆಗಳನ್ನು ಕಾಯುವ ಮನೆಯೂ ಎದ್ದಿತು! ಲಂಡನ್ ಬಳಿಯ ಜಾಮ್ ಕಾರ್ಖಾನೆಯೊಂದಕ್ಕೆ ಈ ದಾರಿಯಾಗಿ ಹೋಗುತ್ತಿದ್ದ ಕಲ್ಲಿದ್ದಲು ಸಾಗಣೆಯೂ 1970ರಲ್ಲಿ ಮುಗಿಯಿತು.

ಮುಂದೆ ಬ್ಲಿಸ್‌ವರ್ತ್ ಸುರಂಗ. 1805ರಲ್ಲಿ ತೆರೆದ ಇದರ ಉದ್ದ 3,076 ಗಜ. ಒಳಗೆ ಕಾಲುದಾರಿಯಿಲ್ಲ. ಹಿಂದೆ ಕುದುರೆಯನ್ನು ಗುಡ್ಡದ ಮೇಲೆ ನಡೆಯಿಸಿ, ಆಳುಗಳು ಹಲಗೆಯ ಮೇಲೆ ಮಲಗಿ ಗೋಡೆಗೆ ಕಾಲೊತ್ತಿ ದೋಣಿಯನ್ನು ನೂಕುತ್ತಿದ್ದರು. ಈಗ ಎಂಜಿನ್ ಗುಡುಗುತ್ತದೆ. ಗಾಳಿಗಿಂಡಿಗಳಿಂದ ತಣ್ಣೀರು ತಲೆಯ ಮೇಲೆ ಸುರಿಯುತ್ತದೆ. ಆದರೂ ಹೊರಗಿನ ಚಳಿಗೆ ಹೋಲಿಸಿದರೆ ಆ ಕತ್ತಲೆಯೇ ತುಸು ಬೆಚ್ಚಗೆ.

ಸುರಂಗ ದಾಟಿದಾಗ ಹೊತ್ತು ಬಾಗಿತ್ತು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಸಂಜೆ. ದಂಡೆಗೆ ಹಗ್ಗ ಬಿಗಿದು ದಂಪತಿಗಳು ಒಳಗೆ ಹೋದರು. ಕಬ್ಬಿಣದ ಒಲೆಯಲ್ಲಿ ಉರಿದದ್ದು ಕಾಲುವೆಯ ಮೇಲೆಯೇ ಬಂದ ಕಲ್ಲಿದ್ದಲು. ಹೌದು, ಇಂದ್ಧನದ ದೋಣಿಗಳು ಇಂದಿಗೂ ಕೆಲವುಂಟು. ಅವು ಕಾರ್ಖಾನೆಗಳಿಗಲ್ಲ, ದಂಡೆಯ ಉದ್ದಕ್ಕೂ ಇರುವ ಇಂಥ ಒಲೆಗಳಿಗೆ ಒದಗುತ್ತವೆ. ಹಿಮ ಬಿದ್ದ ದಿನಗಳಲ್ಲಿ ಈ ಜನ ಕಿವಿಗೊಟ್ಟು ಕಾಯುವುದು ಅವುಗಳ ಎಂಜಿನ್ ಸದ್ದಿಗಾಗಿ. ಚಳಿಯಿಂದ ಕಸುಬು ಕಳೆದುಕೊಂಡ ಕಾಲುವೆಗೆ, ಚಳಿಯೇ ಇಷ್ಟು ಕೆಲಸವನ್ನು ಉಳಿಸಿಕೊಟ್ಟಿದೆ.